ಮರಳ ಮೇಲೆ ಕೆಎ-32

ಕಡಲತೀರದ ಮರಳಿಗೆ ಕಾರು, ಬೈಕುಗಳನ್ನು ಇಳಿಸಬಾರದೆಂದು ಕರಾವಳಿಯ ಊರಿನವರು ನಡೆಸುತ್ತಿರುವ ಪ್ರಯತ್ನದ ಕುರಿತ ಲೇಖನವನ್ನು ಕಲಬುರಗಿಯಲ್ಲಿ ಕುಳಿತು ಓದಿದೆ. ಸಮುದ್ರವೇ ಇಲ್ಲದ ಜಿಲ್ಲೆಯವರಿಗೆ ಇದರಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಬಹುದು. ಕಳೆದ ಚಳಿಗಾಲದಲ್ಲಿ ಮುರುಡೇಶ್ವರದ ಕಡೆ ಹೋಗಿದ್ದಾಗ ಅಲೆಯ ಅಂಚಿನಲ್ಲಿ ಗಿರಕಿ ಹೊಡೆಯುತ್ತಿದ್ದ ಜೀಪಿನ ಸಂಖ್ಯಾಫಲಕ ನಮ್ಮ ಕಲಬುರಗಿಯದೇ ಕೆಎ-32 ಆಗಿತ್ತು, ನನಗೆ ನಾಚಿಕೆಯಾಯಿತು.

ಆಟವಾಡುವ ಮಕ್ಕಳಿಗೆ ಆಗಬಹುದಾದ ಅಪಾಯವನ್ನು ಲೇಖನ ಚೆನ್ನಾಗಿ ವಿವರಿಸಿದೆ. ಆದರೆ ಕಣ್ಣಿಗೆ ಕಾಣದ ಹಾನಿಯ ಬಗ್ಗೆ ಇನ್ನಷ್ಟು ಬರೆಯಬೇಕಿತ್ತು. ಚಳಿಗಾಲದಲ್ಲಿ ನಮ್ಮ ಕರಾವಳಿಗೆ ಬರುವ ಆಲಿವ್ ರಿಡ್ಲಿ ಆಮೆ ಸುಮಾರು ಒಂದೂವರೆ ಅಡಿ ಆಳದ ಗುಂಡಿಯಲ್ಲಿ ನೂರರಷ್ಟು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ಸಮುದ್ರಕ್ಕೆ ಹಿಂತಿರುಗುತ್ತದೆ. ಮರಿಗಳು ಹೊರಬರಲು 45ರಿಂದ 60 ದಿನ ಬೇಕು. ಅಷ್ಟರಲ್ಲಿ ಮೇಲೆ ವಾಹನ ಹರಿದರೆ ಮರಳು ಗಟ್ಟಿಯಾಗಿ ಮರಿಗಳು ಮೇಲೇರಲಾರವು, ಏರಿ ಬಂದರೂ ಚಕ್ರ ಕೊರೆದ ಹಳ್ಳದಲ್ಲಿ ಬಿದ್ದು ನೀರು ಸೇರುವ ಮೊದಲೇ ಕಾಗೆ, ನಾಯಿಗಳ ಪಾಲಾಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಈ ಆಮೆಗೆ ರಕ್ಷಣೆಯಿದೆ.

ಭೀಮಾ ನದಿಯ ಮರಳಿನಲ್ಲಿ ಟ್ರ್ಯಾಕ್ಟರ್ ಚಕ್ರ ಬಿಟ್ಟುಹೋಗುವ ಹಳ್ಳಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರಿಯ ಎಚ್ಚರಿಕೆ ಫಲಕದಿಂದ ಪ್ರಯೋಜನವಿಲ್ಲ, ಅದರ ಪಕ್ಕದಲ್ಲೇ ನಿಂತು ಫೋಟೊ ತೆಗೆಸಿಕೊಳ್ಳುವವರು ನಾವು. ತೀರಕ್ಕೆ ಇಳಿಯುವ ದಾರಿಗೆ ಕಲ್ಲುಕಂಬ ನೆಟ್ಟು, ದೋಣಿ ಎಳೆಯುವ ಮೀನುಗಾರರಿಗೆ ಮಾತ್ರ ಬೀಗದ ಗೇಟು ಇಟ್ಟು, ಪ್ರವಾಸಿಗರ ವಾಹನಗಳಿಗೆ ರಸ್ತೆಯ ಬದಿಯಲ್ಲೇ ನಿಲುಗಡೆ ಒದಗಿಸಿದರೆ ನಮ್ಮಂಥ ದೂರದವರೂ ನಡೆದುಕೊಂಡೇ ಹೋಗುತ್ತೇವೆ.