ಕೊನೆಯ ದಿನಾಂಕ ಮುಂದಕ್ಕೆ, ಆದಾಯದ ವರ್ಷ ಹಿಂದಕ್ಕೆ

ಮಕ್ಕಳ ಕಾಲೇಜು ಶುಲ್ಕಕ್ಕೆ ನೆರವು ಕೇಳುವ ಕುಟುಂಬಗಳು ಕರ್ನಾಟಕದಲ್ಲಾಗಲಿ ಅಮೆರಿಕದಲ್ಲಾಗಲಿ ಎದುರಿಸುವ ತೊಡಕು ಬಹುಮಟ್ಟಿಗೆ ಒಂದೇ: ಅರ್ಜಿಯ ಗಡುವನ್ನು ಗೊತ್ತುಮಾಡುವುದು ಒಂದು ಕಚೇರಿ, ಆದಾಯದ ದಾಖಲೆ ಬರಬೇಕಾದದ್ದು ಇನ್ನೊಂದು ಕಡೆಯಿಂದ. ದಾಖಲೆ ತಡವಾದಾಗ ನಮ್ಮ ರಾಜ್ಯ ಸಾಮಾನ್ಯವಾಗಿ ಕೊನೆಯ ದಿನಾಂಕವನ್ನು ಮುಂದೂಡುತ್ತದೆ. ಅಮೆರಿಕವು ಆದಾಯವನ್ನು ಅಳೆಯುವ ವರ್ಷವನ್ನೇ ಹಿಂದಕ್ಕೆ ಸರಿಸಿತು. ಈ ಎರಡರಲ್ಲಿ ಎರಡನೆಯದೇ ಹೆಚ್ಚು ವಿವೇಕದ್ದು ಎಂಬುದು ನನ್ನ ಅನಿಸಿಕೆ. ಆದರೆ ಅದಕ್ಕೂ ಬೆಲೆಯಿದೆ, ಮತ್ತು ಆ ಬೆಲೆಯನ್ನು ತೆರುವವರಲ್ಲಿ ಇಲ್ಲಿ ಅಮೆರಿಕದಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರೂ ಇದ್ದಾರೆ.

ಒಂದು ದಶಕದ ಹಿಂದಿನವರೆಗೆ ಇಲ್ಲಿನ ವ್ಯವಸ್ಥೆಯೂ ಹೊಗಳುವಂತಿರಲಿಲ್ಲ. ಕೇಂದ್ರ ಸರ್ಕಾರದ ನೆರವಿನ ಅರ್ಜಿಯಾದ ಫ್ಯಾಫ್ಸಾ ಜನವರಿ 1ರಂದು ತೆರೆಯುತ್ತಿತ್ತು, ಮತ್ತು ಹಿಂದಿನ ದಿನವಷ್ಟೇ ಮುಗಿದ ವರ್ಷದ ಆದಾಯವನ್ನು ಕೇಳುತ್ತಿತ್ತು. ಸಂಬಳದ ಲೆಕ್ಕ ಹೇಳುವ ಡಬ್ಲ್ಯು-2 ಪತ್ರವನ್ನು ಕೊಡಲು ಕಂಪನಿಗಳಿಗೆ ಜನವರಿ ಕೊನೆಯವರೆಗೆ ಅವಕಾಶ. ಷೇರು ವ್ಯವಹಾರದ 1099-ಬಿ ಬರುವುದು ಫೆಬ್ರವರಿ ನಡುವಿಗೆ, ಅದರ ತಿದ್ದಿದ ಪ್ರತಿ ಬರುವುದು ಕೆಲವೊಮ್ಮೆ ಮಾರ್ಚ್‌ಗೆ. ಪಾಲುದಾರಿಕೆ ವ್ಯವಹಾರವಿದ್ದವರ ಕೆ-1 ಇನ್ನೂ ತಡ. ಆದರೆ ಕ್ಯಾಲಿಫೋರ್ನಿಯಾ ರಾಜ್ಯದ ಅನುದಾನವಾದ ಕ್ಯಾಲ್ ಗ್ರಾಂಟ್‌ಗೆ ಮಾರ್ಚ್ 2 ಕೊನೆಯ ದಿನವಾಗಿತ್ತು, ಹಲವು ಖಾಸಗಿ ಕಾಲೇಜುಗಳ ಗಡುವು ಅದಕ್ಕೂ ಮೊದಲೇ ಮುಗಿಯುತ್ತಿತ್ತು. ಹೀಗಾಗಿ ತಂದೆತಾಯಿಗಳು ಡಿಸೆಂಬರ್‌ನ ಸಂಬಳದ ಚೀಟಿಯನ್ನು ಮುಂದಿಟ್ಟುಕೊಂಡು ಅಂದಾಜು ಅಂಕಿ ತುಂಬಿ, ಏಪ್ರಿಲ್‌ನಲ್ಲಿ ತೆರಿಗೆ ರಿಟರ್ನ್ ಸಲ್ಲಿಸಿದ ಮೇಲೆ ಮತ್ತೆ ಬಂದು ಎಲ್ಲವನ್ನೂ ತಿದ್ದಬೇಕಾಗುತ್ತಿತ್ತು. ಈ ಪದ್ಧತಿಯನ್ನು ಎಷ್ಟೇ ಬೈದರೂ ಅದರೊಳಗಿದ್ದ ಒಂದು ಒಳ್ಳೆಯ ಅಂಶವನ್ನು ಒಪ್ಪಲೇಬೇಕು: ದಾಖಲೆ ಇಲ್ಲವೆಂಬ ಕಾರಣಕ್ಕೆ ಅರ್ಜಿಯನ್ನು ಬಾಗಿಲಲ್ಲೇ ತಡೆಯುತ್ತಿರಲಿಲ್ಲ.

2015ರಲ್ಲಿ ಒಬಾಮಾ ಸರ್ಕಾರ ಪ್ರಕಟಿಸಿದ ಬದಲಾವಣೆ 2017-18ರ ಶೈಕ್ಷಣಿಕ ವರ್ಷದಿಂದ ಜಾರಿಗೆ ಬಂತು. ಅರ್ಜಿ ಅಕ್ಟೋಬರ್‌ನಲ್ಲೇ ತೆರೆಯತೊಡಗಿತು, ಕೇಳುವ ಆದಾಯ ಒಂದು ವರ್ಷ ಹಿಂದಕ್ಕೆ ಹೋಯಿತು. 2026-27ರ ಓದಿಗೆ 2024ರ ತೆರಿಗೆಯ ಲೆಕ್ಕ ಸಾಕು. 2024-25ರ ಅರ್ಜಿಯಿಂದೀಚೆಗೆ, ವಿದ್ಯಾರ್ಥಿ ಮತ್ತು ಪೋಷಕರು ಒಪ್ಪಿಗೆ ಕೊಟ್ಟರೆ ಅಂಕಿಗಳು ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ನೇರವಾಗಿ ಅರ್ಜಿಗೆ ಬರುತ್ತವೆ. ಆ ಒಪ್ಪಿಗೆ ಕೊಡದಿದ್ದರೆ ಕೇಂದ್ರದ ನೆರವೇ ಇಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಇದೇ ಹೊಸ ಅರ್ಜಿ ಮೊದಲ ವರ್ಷ ಅಕ್ಟೋಬರ್‌ನ ಬದಲು 2023ರ ಡಿಸೆಂಬರ್ ಕೊನೆಗೆ ತೆರೆದು, ರಾಜ್ಯಗಳೂ ಕಾಲೇಜುಗಳೂ ತಮ್ಮ ಗಡುವುಗಳನ್ನು ಮುಂದೂಡಬೇಕಾಗಿ ಬಂದುದನ್ನು ಇಲ್ಲಿನವರು ಇನ್ನೂ ಮರೆತಿಲ್ಲ. ಮನೆಯವರ ಕಾಗದ ತಡವಾದರೆ ಅದು ಅವರ ಅಲಕ್ಷ್ಯ. ಸರ್ಕಾರದ ಅರ್ಜಿಯೇ ತಡವಾದರೆ ಅದು ತಾಂತ್ರಿಕ ಕಾರಣ. ಈ ವಿಷಯದಲ್ಲಿ ಎರಡು ದೇಶಗಳ ನಡುವೆ ನನಗೆ ಯಾವ ವ್ಯತ್ಯಾಸವೂ ಕಂಡಿಲ್ಲ.

ವರ್ಷ ಹಿಂದಕ್ಕೆ ಹೋದರೂ ಭಾರತದಲ್ಲಿ ಆದಾಯವಿರುವ ನಮ್ಮವರಿಗೆ ತಡವಾಗುವ ಕಾಗದಗಳ ಕಾಟ ಪೂರ್ತಿ ತಪ್ಪಿಲ್ಲ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಬಾಡಿಗೆಗೆ ಕೊಟ್ಟ ಮನೆ ಇದ್ದರೆ, ಬ್ಯಾಂಕಿನಲ್ಲಿ ಠೇವಣಿ ಇದ್ದರೆ, ಇಲ್ಲಿ ತೆರಿಗೆಯ ದೃಷ್ಟಿಯಿಂದ ನಿವಾಸಿಗಳಾದವರು ಆ ಆದಾಯವನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ಇಲ್ಲಿನ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್, ಅಲ್ಲಿಯದು ಏಪ್ರಿಲ್‌ನಿಂದ ಮಾರ್ಚ್. ಆದ್ದರಿಂದ ಇಲ್ಲಿನ ಒಂದು ವರ್ಷದ ಲೆಕ್ಕ ಮುಗಿಸಲು ಅಲ್ಲಿನ ಎರಡು ಹಣಕಾಸು ವರ್ಷಗಳ ದಾಖಲೆ ಬೇಕು. ಊರಿನ ಬ್ಯಾಂಕು ಮುರಿದುಕೊಂಡ ತೆರಿಗೆಯ ಪೂರ್ತಿ ವಿವರವಾಗಲಿ, ಆ ವರ್ಷವೇ ಬೆಂಗಳೂರಿನ ಕೆಲಸ ಬಿಟ್ಟು ಬಂದವರ ಫಾರ್ಮ್ 16 ಆಗಲಿ ಕೈಸೇರುವುದು ಸಾಮಾನ್ಯವಾಗಿ ಜೂನ್ ಹೊತ್ತಿಗೆ. ಅಷ್ಟರಲ್ಲಿ ಇಲ್ಲಿ ರಿಟರ್ನ್ ಸಲ್ಲಿಸುವ ಕೊನೆಯ ದಿನವಾದ ಏಪ್ರಿಲ್ 15 ಕಳೆದಿರುತ್ತದೆ. ಹೀಗಾಗಿ ಅನೇಕರು ಫಾರ್ಮ್ 4868 ಸಲ್ಲಿಸಿ ಅಕ್ಟೋಬರ್ 15ರವರೆಗೆ ಸಮಯ ಪಡೆಯುತ್ತಾರೆ. ಅದು ರಿಟರ್ನ್ ಸಲ್ಲಿಸಲು ಸಿಗುವ ಸಮಯವೇ ಹೊರತು ತೆರಿಗೆ ಕಟ್ಟಲು ಸಿಗುವ ಸಮಯವಲ್ಲ.

ಫ್ಯಾಫ್ಸಾ ತೆರೆಯುವುದು ಅಕ್ಟೋಬರ್ ಆರಂಭದ ಹೊತ್ತಿಗೆ, ಮತ್ತು ಬೇಗ ಪ್ರವೇಶ ಕೋರುವ ಮಕ್ಕಳಿಗೆ ಖಾಸಗಿ ಕಾಲೇಜುಗಳ ನೆರವಿನ ಗಡುವು ನವೆಂಬರ್‌ನಲ್ಲೇ ಬರುತ್ತದೆ. ಅಕ್ಟೋಬರ್ 15ರಂದು ಸಲ್ಲಿಸಿದ ರಿಟರ್ನ್ ಐಆರ್‌ಎಸ್‌ನ ಕಡತದಲ್ಲಿ ಕಾಣಿಸಿಕೊಳ್ಳಲು ವಾರಗಳೇ ಹಿಡಿಯಬಹುದು. ಆದರೂ ನಮ್ಮಲ್ಲಿ ಬಹಳ ಮಂದಿ, ಎಲ್ಲ ಅಂಕಿಗಳೂ ಪೈಸೆಗೆ ಪೈಸೆ ಹೊಂದುವವರೆಗೆ ಅರ್ಜಿಯನ್ನು ಮುಟ್ಟುವುದೇ ಇಲ್ಲ. ಸುಳ್ಳು ಲೆಕ್ಕ ಕೊಟ್ಟಂತಾಗಬಾರದು ಎಂಬ ಅಂಜಿಕೆ ಅರ್ಥವಾಗುವಂಥದ್ದೇ, ಆದರೆ ಅದರಿಂದ ಆಗುವ ನಷ್ಟ ದೊಡ್ಡದು: ನಾನಿರುವ ಇಲಿನಾಯ್ ರಾಜ್ಯದಲ್ಲಿ ಮ್ಯಾಪ್ ಎಂಬ ಅನುದಾನವನ್ನು ನಿಧಿ ಮುಗಿಯುವವರೆಗೆ ಮಾತ್ರ ಹಂಚಲಾಗುತ್ತದೆ, ನಿಧಿ ತೀರಿದ ಮೇಲೆ ಬಂದ ಅರ್ಜಿ ಎಷ್ಟೇ ನಿಖರವಾಗಿದ್ದರೂ ಪ್ರಯೋಜನವಿಲ್ಲ. ಇಲಾಖೆಯಿಂದ ಅಂಕಿ ಬಾರದಿದ್ದಾಗ ಕೈಯಾರೆ ತುಂಬಲು ಅರ್ಜಿಯಲ್ಲೇ ಅವಕಾಶವಿದೆ, ನಂತರ ತಿದ್ದಲೂ ಅವಕಾಶವಿದೆ. ಕರಡು ರಿಟರ್ನ್‌ನ ಅಂಕಿಗಳನ್ನು ತುಂಬಿ, ವಿಳಂಬದ ಕಾರಣವನ್ನು ಕಾಲೇಜಿನ ನೆರವು ಕಚೇರಿಗೆ ಗಡುವಿಗೆ ಮೊದಲೇ ಬರೆದು ತಿಳಿಸುವುದು ಸರಿಯಾದ ಕ್ರಮ. ಗಡುವು ದಾಟಿದ ಮೇಲೆ ಬರೆಯುವ ಪತ್ರಕ್ಕೆ ಆ ತೂಕ ಇರುವುದಿಲ್ಲ. ತಂದೆತಾಯಿ ಎಚ್-1ಬಿ ವೀಸಾದಲ್ಲಿದ್ದರೆ ಅರ್ಜಿ ಹಾಕುವಂತಿಲ್ಲ ಎಂಬ ತಪ್ಪು ತಿಳುವಳಿಕೆಯೂ ನಮ್ಮವರಲ್ಲಿ ಹರಡಿದೆ. ಮಗುವೇ ಇಲ್ಲಿನ ಪ್ರಜೆಯಾಗಿದ್ದರೆ ಪೋಷಕರ ವೀಸಾ ಅಡ್ಡಿಯಲ್ಲ.

ವರ್ಷವನ್ನು ಹಿಂದಕ್ಕೆ ಸರಿಸಿದ್ದರ ಬೆಲೆ ಕಾಣುವುದು ಕೆಲಸ ಹೋದಾಗ. ಎರಡು ವರ್ಷದ ಹಿಂದೆ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಒಳ್ಳೆಯ ಸಂಬಳವಿದ್ದ ಕುಟುಂಬ ಇಂದು ಉಳಿತಾಯದಲ್ಲಿ ಬದುಕುತ್ತಿರಬಹುದು, ಅರ್ಜಿಗೆ ಮಾತ್ರ ಹಳೆಯ ಸಂಬಳವೇ ಕಾಣುತ್ತದೆ. ಇಂಥ ಸಂದರ್ಭದಲ್ಲಿ ಲೆಕ್ಕವನ್ನು ಮರುಪರಿಶೀಲಿಸುವ ಅಧಿಕಾರವನ್ನು ಕಾನೂನು ಕಾಲೇಜಿನ ನೆರವು ಅಧಿಕಾರಿಗೆ ಕೊಟ್ಟಿದೆ. ಆದರೆ ಅದನ್ನು ಕೇಳಬೇಕು, ಕೆಲಸ ಹೋದದ್ದಕ್ಕೆ ಪುರಾವೆ ಕೊಡಬೇಕು, ಮತ್ತು ಸಮಾಜದಲ್ಲಿ ಮರ್ಯಾದೆಯ ಪ್ರಶ್ನೆ ಎಂದು ಸುಮ್ಮನಿರುವ ನಮ್ಮವರು ಕೇಳುವುದು ಅಪರೂಪ.

ಕರ್ನಾಟಕದಲ್ಲಿ ಸಮಸ್ಯೆಯ ಸ್ವರೂಪ ಬೇರೆ. ನಾಡಕಚೇರಿಯ ಮೂಲಕ ತಹಶೀಲ್ದಾರರು ಕೊಡುವ ಆದಾಯ ಪ್ರಮಾಣಪತ್ರಕ್ಕೆ 5 ವರ್ಷಗಳ ಮಾನ್ಯತೆ ಇದೆ, ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನಮೂದಿಸಿದರೆ ಸಾಕು. ಕೃಷಿಯನ್ನೇ ನಂಬಿದ, ಆದಾಯ ತೆರಿಗೆಯ ವ್ಯಾಪ್ತಿಗೇ ಬಾರದ ಕುಟುಂಬಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿರುವ ನಾಡಿಗೆ ತೆರಿಗೆ ರಿಟರ್ನ್ ಅಳತೆಗೋಲಾಗಲಾರದು. ಆ ಮಟ್ಟಿಗೆ ನಮ್ಮ ಪದ್ಧತಿ ನೆಲಕ್ಕೆ ಹತ್ತಿರವಾದದ್ದು. ಅಂಥ ಮನೆಯ ಮಗಳೊಬ್ಬಳು ಅಮೆರಿಕದ ಖಾಸಗಿ ಕಾಲೇಜಿಗೆ ಅರ್ಜಿ ಹಾಕಿ, ಅಲ್ಲಿಯವರು ನೆರವಿಗಾಗಿ ಪೋಷಕರ ತೆರಿಗೆ ರಿಟರ್ನ್ ಕೇಳಿದಾಗ, ಸಲ್ಲಿಸಲು ಏನೂ ಇಲ್ಲದೆ ತಹಶೀಲ್ದಾರರ ಕನ್ನಡದ ಪ್ರಮಾಣಪತ್ರವನ್ನೇ ಅನುವಾದ ಮಾಡಿಸಬೇಕಾಗುತ್ತದೆ. ಆ ಅನುವಾದಕ್ಕೂ ಸಮಯ ಬೇಕು.

ನನ್ನ ತಕರಾರು ಇರುವುದು ದಿನಾಂಕ ವಿಸ್ತರಣೆಯ ಅಭ್ಯಾಸದ ಬಗ್ಗೆ. ವಿಸ್ತರಣೆ ಹೇಗೂ ಆಗುತ್ತದೆಂದು ಜನ ಕಾಯುತ್ತಾರೆ, ಕೊನೆಯ ವಾರ ಪೋರ್ಟಲ್ ನಿಧಾನವಾಗುತ್ತದೆ, ಮತ್ತೆ ವಿಸ್ತರಣೆಯಾಗುತ್ತದೆ. ಸಮಯಕ್ಕೆ ಸರಿಯಾಗಿ ಅರ್ಜಿ ಹಾಕಿದವನ ಹಣವೂ ಎಲ್ಲರೊಂದಿಗೆ ತಡವಾಗುತ್ತದೆ, ಶುಲ್ಕ ಕಟ್ಟಲು ಮಾಡಿದ ಸಾಲದ ಬಡ್ಡಿ ಮಾತ್ರ ತಡವಾಗುವುದಿಲ್ಲ. ದಿನಾಂಕವನ್ನು ಗಟ್ಟಿಯಾಗಿ ಹಿಡಿದು ದಾಖಲೆಗೆ ಸಡಿಲ ಕೊಡುವುದು ಇದಕ್ಕಿಂತ ನ್ಯಾಯವಾದ ಮಾರ್ಗ. ಪ್ರಮಾಣಪತ್ರಕ್ಕಾಗಿ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ಕ್ಷಣವೇ ಸ್ವೀಕೃತಿ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯ ಮೇಲೆಯೇ ವಿದ್ಯಾರ್ಥಿವೇತನದ ಅರ್ಜಿಯನ್ನು ತಾತ್ಕಾಲಿಕವಾಗಿ ಸ್ವೀಕರಿಸಿ, ಆರ್‌ಡಿ ಸಂಖ್ಯೆ ಬಂದ ಮೇಲೆ ಅದನ್ನು ತಾನಾಗಿ ಜೋಡಿಸಿಕೊಳ್ಳುವಂತೆ ಎಸ್‌ಎಸ್‌ಪಿಯನ್ನು ಬದಲಿಸಬಹುದು, ಮತ್ತು ಹಣ ಬಿಡುಗಡೆಯನ್ನು ಮಾತ್ರ ಆ ಜೋಡಣೆಯವರೆಗೆ ತಡೆಹಿಡಿಯಬಹುದು.