ಸ್ಪಷ್ಟನೆ: ಪೊರೆ ಆಪರೇಷನ್‌ಗೆ ಕ್ಲಬ್ ಸದಸ್ಯತ್ವ ಬೇಕಿಲ್ಲ

“500 ರೂಪಾಯಿ ಕಳಿಸಿ ರೋಟರಿ, ಲಯನ್ಸ್ ಸದಸ್ಯರಾಗಿ, ಮನೆಯವರಿಗೆ ಕಣ್ಣಿನ ಪೊರೆ ಆಪರೇಷನ್ ಉಚಿತ” ಎಂಬ ಸಂದೇಶ ಕಲಬುರಗಿ, ಸೇಡಂ, ಚಿತ್ತಾಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು. ದಯವಿಟ್ಟು ಹಣ ಕಳಿಸಬೇಡಿ.

ರೋಟರಿ, ಲಯನ್ಸ್ ಸೇವಾ ಕ್ಲಬ್‌ಗಳು. ಇವುಗಳ ಸದಸ್ಯತ್ವ ಹಣ ಕಟ್ಟಿದ ಕೂಡಲೇ ಸಿಗುವಂಥದ್ದಲ್ಲ. ಮೊದಲು ಆಹ್ವಾನ, ಆಮೇಲೆ ಕ್ಲಬ್‌ನ ಒಪ್ಪಿಗೆ. ಶುಲ್ಕದ ಮಾತು ಕೊನೆಗೆ, ಅದೂ ಕ್ಲಬ್‌ನಿಂದ ಕ್ಲಬ್‌ಗೆ ಬೇರೆ. ಹೊಸ ಕ್ಲಬ್ ಕಟ್ಟಲು ಕನಿಷ್ಠ 20 ಜನ ಬೇಕು, ಹಾಗಾಗಿ ಸದಸ್ಯರ ಹುಡುಕಾಟ ಇದ್ದೇ ಇರುತ್ತದೆ. ವಂಚಕರು ಬಳಸಿಕೊಳ್ಳುವುದು ಇದನ್ನೇ.

ಈ ಕ್ಲಬ್‌ಗಳು ನಡೆಸುವ ಕಣ್ಣಿನ ಶಿಬಿರ ಇರುವುದು ಊರವರಿಗಾಗಿ. ಆಧಾರ್, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ತನ್ನಿ, ಜೊತೆಗೊಬ್ಬರನ್ನು ಕರೆತನ್ನಿ. ಶಿಬಿರದಲ್ಲಿ ತಪಾಸಣೆ ಮಾತ್ರ, ಆಪರೇಷನ್ ಆಸ್ಪತ್ರೆಯಲ್ಲಿ. ಆಯ್ಕೆಯಾದ ಮೇಲೂ ಕೆಲವರನ್ನು ವಾಪಸ್ ಕಳಿಸುವುದು ಸಕ್ಕರೆ, ಬಿ.ಪಿ. ಹತೋಟಿಯಲ್ಲಿ ಇಲ್ಲದಿದ್ದಾಗ. ಸಕ್ಕರೆ ಏರಿದ್ದರೆ ಕಣ್ಣಿಗೆ ಸೋಂಕು ತಗಲುವ ಅಪಾಯ ಹೆಚ್ಚು. ಒಂದೆರಡು ವಾರ ಮೊದಲೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋರಿಸಿಕೊಳ್ಳಿ, ಮಾತ್ರೆ ತಪ್ಪಿಸಬೇಡಿ. ಆಪರೇಷನ್ ನಂತರ ಸಾಮಾನ್ಯವಾಗಿ 4ರಿಂದ 6 ವಾರ ಕಣ್ಣಿಗೆ ಹನಿ ಹಾಕಬೇಕು. ಕಣ್ಣು ಕಾಣತೊಡಗಿತೆಂದು ನಡುವೆ ಬಿಟ್ಟರೆ ಒಳಗಿನ ಉರಿಯೂತ ಮತ್ತೆ ಏರಬಹುದು. ಬಂದ ದೃಷ್ಟಿ ಹೀಗೆ ಹಾಳಾಗಬಾರದು.

ಈಗಾಗಲೇ ಹಣ ಕಳಿಸಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.