ಮರೆವಿಗೆ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಕೇಳುವ ಮುಂಚೆ

ಹೆಲ್ತ್ ಚೆಕಪ್ ಪ್ಯಾಕೇಜಿನ ರಿಪೋರ್ಟಿನಲ್ಲಿ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಕಡಿಮೆ ಅಂತ ಬಂದರೆ ಸಾಕು, ಅರವತ್ತು ದಾಟಿದ ಗಂಡಸರು ಅದನ್ನೂ ಬೀಗದಕೈ ಎಲ್ಲಿಟ್ಟೆ ಅಂತ ಹುಡುಕಾಡುವುದನ್ನೂ ಗಂಟು ಹಾಕಿಬಿಡುತ್ತಾರೆ. 'ಇಂಜೆಕ್ಷನ್ ತಗೊಂಡ್ರೆ ಸರಿಹೋಗುತ್ತಾ?' ಮರೆವಿಗೋಸ್ಕರ ಬೇಡ.

ಹಾಗಂತ ನಂಟೇ ಇಲ್ಲ ಎನ್ನುವಂತಿಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಅವಳಿ ಗಂಡಸರ 'ವೆಟ್ಸಾ' ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಟೆಸ್ಟೋಸ್ಟಿರಾನ್ ಕಡಿಮೆ ಇದ್ದು, ಜೊತೆಗೆ ಆಲ್ಝೈಮರ್ ಎಂಬ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ ಎಪೊಇ4 ಜೀನ್ ಕೂಡ ಇದ್ದವರಲ್ಲಿ, ನೆನಪಿಗೆ ಬೇಕಾದ ಮಿದುಳಿನ ಭಾಗ ಹಿಪೊಕ್ಯಾಂಪಸ್ ಚಿಕ್ಕದಾಗಿತ್ತು. ಎರಡರಲ್ಲಿ ಒಂದೇ ಇದ್ದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಆದರೆ ಇದು ಜೊತೆಜೊತೆಗೆ ಕಂಡದ್ದು ಅಷ್ಟೇ, ಕಾರಣ ಅಂತ ಸಾಬೀತಾಗಿಲ್ಲ.

ಹಾಗಾದರೆ ಹಾರ್ಮೋನು ತುಂಬಿಸಿದರೆ? ಅದನ್ನೂ ನೋಡಿದ್ದಾರೆ. 65 ದಾಟಿದ, ಟೆಸ್ಟೋಸ್ಟಿರಾನ್ ಕಡಿಮೆಯಿದ್ದ, ವಯೋಸಹಜ ಮರೆವಿದ್ದ 493 ಗಂಡಸರಲ್ಲಿ ಕೆಲವರಿಗೆ ಮೈಗೆ ಹಚ್ಚುವ ಟೆಸ್ಟೋಸ್ಟಿರಾನ್ ಜೆಲ್, ಕೆಲವರಿಗೆ ಔಷಧವಿಲ್ಲದ ಜೆಲ್, ಒಂದು ವರ್ಷ. 2017ರಲ್ಲಿ ಫಲಿತಾಂಶ ಬಂದಾಗ ನೆನಪಿನಲ್ಲಿ ಎರಡೂ ಗುಂಪು ಸಮ. ಇನ್ನೊಂದು ಕಡೆ, ಈ ಚಿಕಿತ್ಸೆಯಲ್ಲಿ ರಕ್ತ ದಪ್ಪಗಾಗಬಹುದು. ರಕ್ತದಲ್ಲಿ ಕೆಂಪುಕಣಗಳ ಪಾಲು, ಅಂದರೆ ಹೆಮಟೊಕ್ರಿಟ್, ಶೇ. 54 ದಾಟಿದರೆ ನಿಲ್ಲಿಸಲೇಬೇಕು.

ಇನ್ನು ಆ ರಿಪೋರ್ಟನ್ನೇ ನಂಬಬಹುದೇ? ಮಧ್ಯಾಹ್ನ ಊಟ ಮಾಡಿ ಕೊಟ್ಟ ರಕ್ತದಲ್ಲಿ ಈ ಹಾರ್ಮೋನು ಕಡಿಮೆಯೇ ಕಾಣುತ್ತದೆ. ಗ್ಲೂಕೋಸ್ ಕುಡಿದರೇ ಸುಮಾರು ಕಾಲು ಭಾಗ ಇಳಿಯುತ್ತದೆ. ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆಬೇರೆ ಎರಡು ದಿನ ಕೊಡಬೇಕು. ಜ್ವರ ಬಂದ ವಾರ, ನಿದ್ದೆಗೆಟ್ಟ ಮಾರನೇ ದಿನ ಬೇಡವೇ ಬೇಡ. ಬೊಜ್ಜಿದ್ದವರಲ್ಲಿ ಎಸ್‌ಎಚ್‌ಬಿಜಿ ಎಂಬ, ಈ ಹಾರ್ಮೋನನ್ನು ರಕ್ತದಲ್ಲಿ ಹೊರುವ ಪ್ರೋಟೀನ್ ಇಳಿದು ಒಟ್ಟು ಟೆಸ್ಟೋಸ್ಟಿರಾನ್ ಕಡಿಮೆ ತೋರುತ್ತದೆ; ವಯಸ್ಸಾದವರಲ್ಲಿ ಅದೇ ಪ್ರೋಟೀನ್ ಏರಿ ಕೊರತೆ ಮುಚ್ಚಿಹೋಗುತ್ತದೆ. ಅದಕ್ಕೇ ಅನುಮಾನ ಬಂದಾಗ ಪ್ರೋಟೀನಿಗೆ ಅಂಟದೆ ಉಳಿದ 'ಫ್ರೀ ಟೆಸ್ಟೋಸ್ಟಿರಾನ್' ಲೆಕ್ಕ ಬೇಕು.

ಜೀನ್ ಪರೀಕ್ಷೆಯಲ್ಲಿ ಎಪೊಇ4 ಅಂತ ಬಂದರೂ ಅದು ಕಾಯಿಲೆಯ ಹೆಸರಲ್ಲ. ಇ4 ಇದ್ದೂ ಆಲ್ಝೈಮರ್ ಬಾರದವರಿದ್ದಾರೆ, ಇಲ್ಲದೆಯೂ ಬಂದವರಿದ್ದಾರೆ. ಲೆಕಾನೆಮ್ಯಾಬ್‌ನಂಥ ಆಲ್ಝೈಮರ್ ಔಷಧ ಶುರು ಮಾಡುವವರಿಗೆ ಈ ಪರೀಕ್ಷೆ ನಿಜಕ್ಕೂ ಮುಖ್ಯ, ಏಕೆಂದರೆ ಎರಡು ಇ4 ಪ್ರತಿ ಇದ್ದವರಿಗೆ ಮಿದುಳಿನ ಊತ, ರಕ್ತಸ್ರಾವದ ಅಪಾಯ ಹೆಚ್ಚು. ಸುಮ್ಮನೆ ಕುತೂಹಲಕ್ಕೆ ಮಾಡಿಸಿದರೆ ಮಕ್ಕಳಿಗೂ ಒಂದು ಚಿಂತೆ ಹಂಚಿದಂತೆ.

ಇಷ್ಟಕ್ಕೆಲ್ಲ ಮೊದಲು ಮನೆಯ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲೆ ಸುರಿಯಿರಿ. ಪದೇಪದೇ ಮೂತ್ರಕ್ಕೆ ಹೋಗುವುದಕ್ಕೆ ಕೊಟ್ಟ ಆಕ್ಸಿಬ್ಯುಟಿನಿನ್, ನೆಗಡಿಗೆ ಅಂಗಡಿಯಲ್ಲಿ ತಂದ ಕ್ಲೋರ್‌ಫೆನಿರಮಿನ್, ನರನೋವಿಗೆ ಅಮಿಟ್ರಿಪ್ಟಿಲಿನ್: ಮೂರೂ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ನನ್ನೇ ತಡೆಯುತ್ತವೆ. ಒಬ್ಬೊಬ್ಬ ಡಾಕ್ಟರು ಒಂದೊಂದು ಬರೆದಿರುತ್ತಾರೆ, ಒಟ್ಟು ಎಷ್ಟಾಯಿತು ಅಂತ ನೋಡಿದವರಿಲ್ಲ! ನಿದ್ದೆಗೆ ಆಲ್‌ಪ್ರಝೊಲಾಮ್ ಇದ್ದರೆ ಅದೂ ಮರೆವು ತರಬಹುದು, ಆದರೆ ಒಮ್ಮೆಲೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ಹಂತಹಂತವಾಗಿ ಇಳಿಸಿ. ಸಕ್ಕರೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿಂದವರು ಬಿ12 ನೋಡಿಸಬೇಕು (ಅದು ಕಡಿಮೆಯಾದರೂ ಮರೆವು ಬರಬಹುದು), ಥೈರಾಯ್ಡಿನ ಟಿಎಸ್‌ಎಚ್ ಕೂಡ. ಜೋರು ಗೊರಕೆಯ ನಡುವೆ ಉಸಿರು ಕಟ್ಟುತ್ತದೆಯೇ ಅಂತ ಹೆಂಡತಿಯನ್ನು ಕೇಳಿ. ಸ್ಲೀಪ್ ಅಪ್ನಿಯ ಎಂಬ ಈ ತೊಂದರೆ ಇದ್ದರೆ ಮರೆವೂ ಬರಬಹುದು, ಟೆಸ್ಟೋಸ್ಟಿರಾನೂ ಇಳಿಯಬಹುದು. ಆಗ ಬೇಕಾದದ್ದು ನಿದ್ದೆಯಲ್ಲಿ ಉಸಿರುದಾರಿ ತೆರೆದಿಡಲು ಗಾಳಿ ಒತ್ತುವ ಸಿಪ್ಯಾಪ್ ಯಂತ್ರ, ಇಂಜೆಕ್ಷನ್ನಲ್ಲ.